ಸೊಗಡಿನ ಅವರೆಗೆ ನೀಲಗಿರಿ ಎಣ್ಣೆ

ವಿಮಾನ ನಿಲ್ದಾಣ ಶುರುವಾದ ಮರುವರ್ಷ ನಮ್ಮ ಮನೆಗೆ ಗ್ಯಾಸ್ ಒಲೆ ಬಂತು. ಅಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿದ್ದ ಚಿಕ್ಕಪ್ಪ ಅದನ್ನು ತಂದಿದ್ದರು. ಸೌದೆ ಒಲೆಯ ಜೊತೆಗೆ ಬೂದಿಯೂ ಹೋಯಿತು ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಕುಂದಾಣದ ಕಡೆಯ ನಮ್ಮೂರಲ್ಲಿ ಬಿತ್ತನೆಯ ಅವರೆಗೆ ಬೂದಿ ಬೆರೆಸಿ ಮಡಕೆಗೆ ತುಂಬುವುದು ವಾಡಿಕೆ. ಆ ವರ್ಷ ಕಾಳು ತುಂಬುವಾಗ ಬೂದಿ ಸಿಗದೆ ಅಜ್ಜಿ ಬರೀ ಹೊಂಗೆ ಸೊಪ್ಪು ಮುಚ್ಚಿ ಇಟ್ಟಳು.

ಮಾರ್ಚ್ ಎರಡನೇ ವಾರ ಮಡಕೆಗೆ ಕೈ ಹಾಕಿದವಳು ಹಾಗೇ ಕೂತುಬಿಟ್ಟಳು. ಬೊಗಸೆಯ ಕಾಳಿನ ಮೇಲೆ ಕುಟ್ಟೆ ಹುಳ ಓಡಾಡುತ್ತಿತ್ತು. ಹತ್ತು ಕಾಳು ಎಣಿಸಿದರೆ ನಾಲ್ಕಕ್ಕೆ ತೂತು. ಅದು ಅವಳ ತವರಿನ ಅವರೆ. ಕಾಯಿ ಸುಲಿದರೆ ಸೊಗಡು ಬೆರಳಿಗೆ ಅಂಟಿ ಸಂಜೆಯವರೆಗೂ ಘಮ್ಮೆನ್ನುವಂಥದ್ದು. ತವರಿನ ಹೊಲ ವಿಮಾನ ನಿಲ್ದಾಣಕ್ಕೆ ಹೋಗಿತ್ತು. ಆ ತಳಿ ಉಳಿದಿದ್ದು ಈ ಮಡಕೆಯಲ್ಲಿ ಮಾತ್ರ.

ಕಂಡದ್ದನ್ನೆಲ್ಲ ಎಣಿಸಿ, ತಾರೀಖು ಹಾಕಿ ಬರೆದಿಡುವ ಚಟ ನನಗೆ. ಹಿಂದಿನ ವಾರವಷ್ಟೇ ಗೋಡೆಯ ಗೂಡಿನಲ್ಲಿದ್ದ ಅಲಸಂದೆ ಪೊಟ್ಟಣಗಳನ್ನು ನೋಡಿದ್ದೆ. ಮೂರಕ್ಕೆ ಹುಳ ಬಿದ್ದಿತ್ತು. ನೆಗಡಿಗೆಂದು ತಂದಿದ್ದ ನೀಲಗಿರಿ ಎಣ್ಣೆಯ ಸೀಸೆ ಸೋರಿದ ಕಡೆ ಇದ್ದ ಪೊಟ್ಟಣ ಮಾತ್ರ ಚೊಕ್ಕಟವಾಗಿತ್ತು. ಅದನ್ನು ಅಜ್ಜಿಗೆ ಹೇಳಿದೆ.

“ಕಾಳಿಗೇನೇ ಶೀತ ಆಗೈತಾ, ನೆಗಡಿ ಎಣ್ಣೆ ಹಚ್ಚಾಕೆ?”

“ಹಚ್ಚಲ್ಲ ಅಜ್ಜಿ. ವಾಸ್ನೆ ಮಾತ್ರ ತಾಕಿಸ್ತೀನಿ.”

“ಆ ವಾಸ್ನೇನೇ ಕಣೇ ನಂಗೆ ಭಯ. ನಾಳೆ ಗಿಡಕ್ಕೂ ಅದೇ ಹತ್ಕೊಂಡ್ರೆ? ಸೊಗಡು ಹೋದ್ಮೇಲೆ ಅದು ಅವರೇನಾ, ಮುಲಾಮಾ?”

ಬೂಟಿನ ದಾರ ಕಟ್ಟುತ್ತಿದ್ದ ಚಿಕ್ಕಪ್ಪ, “ಬಿಡವ್ವ, ಊಟಕ್ಕೆ ಸಾರೂ ಆಯ್ತು, ತಲೆನೋವಿಗೆ ಔಷ್ದೀನೂ ಆಯ್ತು” ಅಂದರು. ಅಜ್ಜಿ ನಗಲಿಲ್ಲ. ಒಂದು ಮೊರದಷ್ಟು ಕಾಳಿಗೆ ಮಾತ್ರ ಒಪ್ಪಿದಳು.

ಹತ್ತಿಗೆ ನಾಲ್ಕು ತೊಟ್ಟು ಎಣ್ಣೆ ಹಾಕಿ ಮೊರದ ಒಂದು ಮೂಲೆಯಲ್ಲಿಟ್ಟೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಾಳಿನ ಸಂದಿಯಿಂದ ಒಂದು ಹುಳ ಮೇಲೆ ಬಂತು, ಹಿಂದೆಯೇ ಇನ್ನೆರಡು. ನೋಡುನೋಡುತ್ತ ಕಾಳುಗಳೇ ಕದಲಿದಂತಾಯಿತು. ಹುಳಗಳೆಲ್ಲ ಹತ್ತಿಗೆ ಬೆನ್ನು ಹಾಕಿ ಆಚೆ ಅಂಚಿಗೆ ಹೊರಟವು. ಅಂಚು ಸಿಕ್ಕಿದ್ದೇ ಕೆಲವು ಹಾರಿಹೋದವು. ಯಾರೂ ಮುಟ್ಟಲಿಲ್ಲ, ಗಾಳಿಯೂ ಬೀಸಲಿಲ್ಲ. ಎಣಿಸಲು ಶುರುಮಾಡಿದ್ದ ನಾನು ಎಣಿಕೆಯನ್ನೇ ಮರೆತೆ. ದಿನವೂ ನೀಲಗಿರಿ ತೋಪು ಹಾದು ಕಾಲೇಜಿಗೆ ಹೋಗುತ್ತಿದ್ದೆ. ದನವೂ ಮೂಸದ ಆ ಎಲೆಯೊಳಗೆ ಇಷ್ಟು ಬಲ ಇತ್ತೆ?

“ಮುಟ್ದಂಗೇ ಓಡಿಸ್ತೈತಲ್ಲೇ!” ಅಂದಳು ಅಜ್ಜಿ, ದೇವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ತೂತಿಲ್ಲದ ಕಾಳು ಆರಿಸಿ, ಬಿಸಿಲಿಗೆ ಹಾಕಿ, ಮತ್ತೆ ಮಡಕೆಗೆ ತುಂಬಿದೆವು. ಎಣ್ಣೆಯ ಹತ್ತಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಮೇಲಿಟ್ಟು ಬಾಯಿ ಬಿಗಿದೆವು. ಪ್ರತಿ ತಿಂಗಳ ಒಂದನೇ ತಾರೀಖು ಹತ್ತಿ ಬದಲಿಸಿದೆ. ಹೊಸ ಹುಳ ಕಾಣಲಿಲ್ಲ. ಆದರೆ ರಾಗಿ ಹೊಲದ ನಡುವಿನ ಅಕ್ಕಡಿ ಸಾಲಿಗೆ ಬಿತ್ತುವಾಗ ಕಾಳು ಇನ್ನೂ ಘಾಟು ಹೊಡೆಯುತ್ತಿತ್ತು. ಅಜ್ಜಿ ಮುಖ ಸಿಂಡರಿಸಿದಳು, ಬಿತ್ತಿದಳು. ಮೊಳಕೆ ಬಂತು, ಬಳ್ಳಿ ಹಬ್ಬಿತು. ಅವಳು ಹೊಲಕ್ಕೆ ಹೋದಾಗಲೆಲ್ಲ ಎಲೆ ಉಜ್ಜಿ ಮೂಸುತ್ತಿದ್ದಳು.

ಜನವರಿಯ ಒಂದು ಬೆಳಗ್ಗೆ, ಇಬ್ಬನಿ ಆರುವ ಮುಂಚೆ, ಮೊದಲ ಕಾಯಿ ಕಿತ್ತು ಸುಲಿದಳು. ಬೆರಳನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ತುಂಬ ಹೊತ್ತು ತೆರೆಯಲಿಲ್ಲ. ಆಮೇಲೆ ಅಂಟಂಟಾದ ಆ ಕೈಯನ್ನು ನನ್ನ ಮೂಗಿನ ಹತ್ತಿರ ತಂದಳು.

“ಮೂಸು. ನಮ್ಮವ್ವನ ಕೈ ಹಿಂಗೇ ಇರ್ತಿತ್ತು.”

ಸೆರಗು ಮಡಿಲು ಮಾಡಿಕೊಂಡು ಸಾಲಿಗಿಳಿದಳು.