ಒಂದೇ ಬಲ್ಬಿನ ಎರಡು ಮನೆ

ಇವತ್ತು ಎದ್ದವಳೇ ಅಂಗಳಕ್ಕೆ ನೀರು ಹಾಕಿದೆ. ನಳ ಬಂದಿತ್ತು, ಕೊಡ ತುಂಬಿಸಿದೆ. ಅವ್ವನಿಗೆ ಚಹಾ ಕೊಟ್ಟು ಬಿಪಿ ಗುಳಿಗೆ ನುಂಗಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಹೋಗಿ ಬಂದೆ. ನಮ್ಮ ಮನೆಯವರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು, ಬಸ್ಸು ಬರುವ ಮುಂಚೆ ಡಬ್ಬಿ ಕಟ್ಟಿದೆ. ಸಂಜೆ ಕಸ ಗುಡಿಸಿ ಅಡಿಗೆಮನೆಯ ಲೈಟು ಹಾಕಿದರೆ ಮಿಣಕ್ ಎಂದು ಹೋಗಿಬಿಟ್ಟಿತು. ಮೇನ್ ಆಫ್ ಮಾಡಿ, ಸ್ಟೂಲು ಹತ್ತಿ ಎಲ್ಇಡಿ ಬಲ್ಬು ಬಿಚ್ಚಿದೆ. ಕರಿ ಹೋಲ್ಡರಿನ ಒಳಗಿಂದ ಸುಟ್ಟ ವಾಸನೆ ಬಂತು. ಸ್ವಲ್ಪ ಧೂಳು, ಸ್ವಲ್ಪ ಕರಕಲು... ಸ್ಟೂಲಿನ ಮೇಲೆ ನಿಂತವಳು ಹಾಗೇ ನಿಂತೆ.

ನಾನು ಹುಟ್ಟಿ ಬೆಳೆದ ಮನೆಯ ಬಲ್ಬಿಗೂ ಇದೇ ವಾಸನೆ ಇತ್ತು.

ಆಗ ನಾವು ಹಂಪಿ ಬಜಾರಿನಲ್ಲಿದ್ದೆವು. ಗುಡಿಯ ಮುಂದಿನ ಬೀದಿಯಲ್ಲಿ ಎರಡೂ ಕಡೆ ಕಲ್ಲಿನ ಮಂಟಪಗಳು ಸಾಲಾಗಿ ಇವೆಯಲ್ಲ, ಈಗ ಬಂದವರು ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಂದು ಅವುಗಳೊಳಗೆ ಕಂಬದಿಂದ ಕಂಬಕ್ಕೆ ಗೋಡೆ ಎಬ್ಬಿಸಿಕೊಂಡು ಸಂಸಾರಗಳಿದ್ದವು. ನಮ್ಮ ಮನೆಗೂ ಬಾಜು ಮನೆಗೂ ನಡುವಿನ ಗೋಡೆ ಪೂರ್ತಿ ಮೇಲಿನವರೆಗೆ ಹೋಗಿರಲಿಲ್ಲ. ಒಲೆಯ ಹೊಗೆ ಆಡಲಿ ಅಂತ ಕಲ್ಲಿನ ಚಾವಣಿಯ ಕೆಳಗೆ ಎರಡು ಮೊಳ ಬಿಟ್ಟಿದ್ದರು. ಆ ಸಂದಿಯಲ್ಲಿ ಒಂದು ಬಲ್ಬು ತೂಗುತ್ತಿತ್ತು. ಅರ್ಧ ಬೆಳಕು ಅವರ ಕಡೆ, ಅರ್ಧ ನಮ್ಮ ಕಡೆ. ಕನೆಕ್ಷನ್ ಅವರದು, ಸ್ವಿಚ್ಚೂ ಅವರ ಕಡೆಯೇ.

ಅವರು ಅಂದರೆ ಒಬ್ಬಾಕೆ. ಗುಡಿಯ ಮುಂದೆ ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ ಮಾರುತ್ತಿದ್ದಳು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸಂಬಂಧವೇನೂ ಇಲ್ಲದಿದ್ದರೂ ನಮ್ಮ ಮನೆಯಲ್ಲಿ ಎಲ್ಲರೂ ಆಕೆಯನ್ನು ದೊಡ್ಡವ್ವ ಅನ್ನುತ್ತಿದ್ದೆವು. ಹೊತ್ತು ಮುಳುಗಿದ ಕೂಡಲೇ ಆಚೆ ಕಡೆ ಟಕ್ ಎಂದು ಸ್ವಿಚ್ಚಿನ ಸದ್ದು. ಗೋಡೆಯ ಆ ಕಡೆ ಆಕೆ, ಈ ಕಡೆ ನಾವು, ಬಲ್ಬಿಗೆ ಕೈ ಮುಗಿಯುತ್ತಿದ್ದೆವು. ಅದು ಚಿಮಣಿ ಬುಡ್ಡಿಯ ಕಾಲದ ರೂಢಿ. ಗಾಜಿನೊಳಗೆ ತಂತಿ ಹೊಳೆಯಲಿ, ಎಣ್ಣೆಯಲ್ಲಿ ಬತ್ತಿ ಉರಿಯಲಿ, ಆಕೆಗೆ ಎರಡೂ ದೀಪವೇ.

ಆಕೆಗೆ ಇನ್ನೊಂದು ರೂಢಿಯೂ ಇತ್ತು. ಉಣ್ಣುವವರ ತಾಟಿನ ಮುಂದೆ ಕತ್ತಲಾಗಬಾರದು. ಕರೆಂಟು ಹೋದರೆ ಅನ್ನದ ಮೇಲೆ ಕೈ ಇಟ್ಟುಕೊಂಡು ಕೂರಬೇಕು, ಬುಡ್ಡಿ ಹಚ್ಚುವವರೆಗೆ ತುತ್ತು ಎತ್ತಬಾರದು. ಹೀಗಾಗಿ ನಾವು ಉಂಡು ಮುಗಿಸದೆ ಆಕೆ ಸ್ವಿಚ್ಚಿಗೆ ಕೈ ಹಚ್ಚುತ್ತಿರಲಿಲ್ಲ. ಬೆಳಗಿನ ಪೂಜೆಗೆ ಅಂಗಡಿ ತೆರೆಯಬೇಕಾದವಳು, ತೂಕಡಿಸುತ್ತಲೇ ಕೂತಿರುತ್ತಿದ್ದಳು.

"ಉಂಡ್ರೇನವಾ? ಶಾಂತ ಮಾಡ್ಲೇನು?"

ದೀಪ ಆರಿಸು ಅನ್ನುವ ಮಾತು ಆಕೆಯ ಬಾಯಲ್ಲಿ ಬರುತ್ತಿರಲಿಲ್ಲ. ಅವ್ವ ತಾಟು ತೊಳೆಯುತ್ತಾ, "ಹೂಂ, ಆತ್ರಿ ದೊಡ್ಡವ್ವ" ಅನ್ನುತ್ತಿದ್ದಳು. ಅಪ್ಪ ಬಾಳೆತೋಟದಿಂದ ಬರುವುದು ತಡವಾದರೆ, "ಇನ್ನೊಬ್ರು ಉಣ್ಣಾದೈತ್ರಿ" ಅನ್ನುತ್ತಿದ್ದಳು. "ಬರ್ಲಿ ಬಿಡು, ನಾನೇನ್ ಮೈಸೂರಿಗೆ ಹೊಂಟೀನೇನು" ಎಂದು ಆಚೆಯಿಂದ ಉತ್ತರ ಬರುತ್ತಿತ್ತು. ಗಾಳಿಗೆ ಬಲ್ಬು ನಮ್ಮ ಕಡೆ ವಾಲಿದ ದಿನ ಅದಕ್ಕೂ ಒಂದು ಮಾತು. "ಬೆಳಕು ನಿಮ್ ಕಡಿ ಜಾಸ್ತಿ ಬಿದ್ದೈತಿ, ಅರ್ಧ ರೊಟ್ಟಿ ಈ ಕಡಿ ದಬ್ಬವಾ." ಅವ್ವ ನಗುತ್ತಾ ಒರಳಿನ ಮೇಲೆ ಹತ್ತಿ, ಬಿಸಿ ರೊಟ್ಟಿಯನ್ನು ಗೋಡೆಯ ಮೇಲಿಂದ ಕೊಡುತ್ತಿದ್ದಳು.

ಆಕೆ ದಿನಕ್ಕೆ ನೂರಾರು ಜನರೊಡನೆ ಮಾತಾಡುವವಳು, ಆದರೆ ಅವರೆಲ್ಲ ಬಂದು ಹೋಗುವವರು. ಮನೆಗೆ ಬಂದ ಮೇಲೆ ಆಕೆಗಿದ್ದದ್ದು ಆ ಎರಡು ಮೊಳದ ಸಂದಿ ಮಾತ್ರ.

ನನ್ನ ಅಕ್ಕನನ್ನು ನೋಡಲು ಕಂಪ್ಲಿಯಿಂದ ಗಂಡಿನವರು ಬಂದಿದ್ದು ಒಂದು ಸಂಜೆ. ಚಾಪೆ ಹಾಸಿ, ಅವಲಕ್ಕಿ ಕೊಟ್ಟದ್ದಾಯಿತು. ಹುಡುಗನ ತಾಯಿ, "ಅಡಿಗಿ ಬರತೈತೇನವಾ?" ಎಂದು ಕೇಳಿದರು. ಅಕ್ಕ ನಾಚಿಕೊಂಡು ನೆಲ ನೋಡುತ್ತಾ ಕೂತಳು. ಉತ್ತರ ಮೇಲಿನಿಂದ ಬಂತು.

"ಬರದ ಏನ್ರಿ? ನನಗ ದಿನಾ ಪಲ್ಯ ಕೊಡಾಕಿ ಆಕಿನ. ಉಪ್ಪು ಒಂದೀಟು ಮುಂದ ಇರತೈತಿ, ಅಷ್ಟ."

ಬಂದವರೆಲ್ಲ ಕತ್ತೆತ್ತಿ ಬಲ್ಬನ್ನೇ ನೋಡಿದರು. ಹುಡುಗನ ಸೋದರಮಾವ, "ಏನ್ರಿ, ನಿಮ್ಮ ಲೈಟು ಮಾತಾಡತೈತಿ" ಅಂದ. ಎಲ್ಲರೂ ನಕ್ಕರು. ಸಂಬಂಧವೂ ಕೂಡಿ ಬಂತು. ಆದರೆ ಅಪ್ಪ ನಗಲಿಲ್ಲ. ಬೀಗರು ಬಂದು ಹೋಗುವ ಮನೆಯಲ್ಲಿ ಒಂದು ಮಾತು ಮರೆಯಲ್ಲಿ ಆಡುವ ಹಂಗಿಲ್ಲ ಎಂಬುದು ಅವನ ಮನಸ್ಸಿಗೆ ಹತ್ತಿಬಿಟ್ಟಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮದುವೆಗೆ ಮುಂಚೆ ನಮ್ಮದೇ ಮೀಟರು ಬಂತು, ಟ್ಯೂಬ್‌ಲೈಟು ಬಂತು. ಗೋಡೆಯ ಸಂದಿ ಮುಚ್ಚಲು ಗೌಂಡಿಯೂ ಬಂದ.

ಗೌಂಡಿ ಇಟ್ಟಂಗಿ ಏರಿಸುವಾಗ ದೊಡ್ಡವ್ವ ಅಂಗಡಿ ಬಿಟ್ಟು ಬಂದು ನಿಂತಿದ್ದಳು. ಬ್ಯಾಡ ಅನ್ನಲಿಲ್ಲ. "ಈ ಲೈಟು ಎಲ್ಲಿಗಿ ಹೋಗಬೇಕಪ್ಪ?" ಎಂದಷ್ಟೇ ಕೇಳಿದಳು.

"ನಿಮ್ ಮನಿ ನಡುವ ಹಾಕ್ಕೋರಿ ಆಯಿ. ಪೂರಾ ಬೆಳಕು ನಿಮಗ."

"ಪೂರಾ ಬೆಳಕು ತಗೊಂಡು ಏನ್ ಮಾಡ್ಲೆಪ" ಅಂದಳು.

ಆ ಸಂಜೆ ನಮ್ಮ ಮನೆ ಹಾಲು ಚೆಲ್ಲಿದಂಗೆ ಬೆಳ್ಳಗಿತ್ತು. ಒಲೆಯ ಹೊಗೆ ಮಾತ್ರ ಹೋಗಲು ದಾರಿಯಿಲ್ಲದೆ ಟ್ಯೂಬಿನ ಸುತ್ತ ಸುತ್ತುತ್ತಿತ್ತು. ಉಂಡು ಏಳುವ ಹೊತ್ತಿಗೆ ದೊಡ್ಡವ್ವ ಬಾಗಿಲಿಗೆ ಬಂದು ನಿಂತಳು. "ಉಂಡ್ರೇನವಾ? ಶಾಂತ ಮಾಡ್ಲೇನು?" ಅಪ್ಪನಿಗೆ ಈಗ ನಗು ಬಂತು. "ದೊಡ್ಡವ್ವ, ನಮ್ದು ಬ್ಯಾರೆ ಐತಲ್ರಿ ಈಗ" ಅಂದ. "ಗೊತ್ತೈತಪ, ಗೊತ್ತೈತಿ" ಅಂದಳು. ಮರುದಿನವೂ ಬಂದಳು, ಅದರ ಮರುದಿನವೂ...

ಮಂಟಪದ ಕಟ್ಟೆ ಎತ್ತರ, ಆಕೆಗೆ ಮೊಣಕಾಲು ನೋವು. ಒಂದು ದಿನ ಅವ್ವ ಊಟವಾದ ಮೇಲೆ ಸೌಟಿನ ಹಿಡಿಯಿಂದ ಗೋಡೆಗೆ ಬಡಿದಳು. ನಾನು ಹೊರಗೆ ಬಂದು ನೋಡಿದೆ. ಆಕೆಯ ಹೊಸ್ತಿಲ ಮೇಲೆ ಬಿದ್ದಿದ್ದ ಹಳದಿ ಬೆಳಕು ಹೋಯಿತು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಮಾತಿಲ್ಲ, ರೊಟ್ಟಿಯಿಲ್ಲ, ಸೌಟಿನ ಸದ್ದಷ್ಟೇ.

ಆಮೇಲೆ ಎಲ್ಲ ಜಲ್ದಿ ಜಲ್ದಿ ಆದವು ಅನ್ನಿಸುತ್ತದೆ. ನಾನು ಮದುವೆಯಾಗಿ ಹೊಸಪೇಟೆಗೆ ಬಂದೆ. ಸರ್ಕಾರದ ಆದೇಶ ಬಂದು ಬಜಾರಿನ ಮಂಟಪಗಳನ್ನು ಎಲ್ಲರೂ ಖಾಲಿ ಮಾಡಬೇಕಾಯಿತು. ಅಪ್ಪ ಹೋದ ಮೇಲೆ ಅವ್ವ ನನ್ನ ಹತ್ತಿರ ಬಂದಳು. ದೊಡ್ಡವ್ವನನ್ನು ಆಕೆಯ ತಂಗಿಯ ಮಗಳು ಸಂಡೂರಿಗೆ ಕರೆದುಕೊಂಡು ಹೋದಳು ಎಂದು ಕೇಳಿದೆವು. ಹೋಗಬೇಕು ಹೋಗಬೇಕು ಅನ್ನುತ್ತಲೇ ವರ್ಷಗಳು ಕಳೆದು, ಒಂದು ಭಾನುವಾರ ಹೋದೆವು.

ಒಳ್ಳೆಯ ಮನೆ. ಚಾವಣಿಯಲ್ಲಿ ಸಾಲಾಗಿ ಎಲ್ಇಡಿ, ಹಗಲೂ ಉರಿಯುತ್ತಿದ್ದವು. ದೊಡ್ಡವ್ವ ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮಬ್ಬಾಗಿತ್ತು. ಅವ್ವನ ಕೈ ಸವರಿ ಗುರುತು ಹಿಡಿದಳು, ಆ ಕೈ ಬಿಡಲಿಲ್ಲ.

ತಂಗಿಯ ಮಗಳು ಚಹಾ ತಂದು, "ನೀವರ ಒಂದೀಟು ಹೇಳ್ರಿ ಅಕ್ಕಾರ. ಲೈಟ್ ಬಂದ್ ಮಾಡಾಕ ಬಿಡಂಗಿಲ್ಲ. ಕತ್ತಲಿಗಿ ಹೆದರ್ತಾಳಂತ ಸಣ್ಣ ಬಲ್ಬು ಹಾಕಿದ್ವಿ, ಅದೂ ಬ್ಯಾಡಂತ. ಕುಂತ ಇರ್ತಾಳ" ಅಂದಳು.

"ಹೆದರಿಕಿ ಅಲ್ಲವಾ" ಅಂದಳು ಅವ್ವ. "ನೀವೆಲ್ಲಾ ಉಂಡದ್ದು ಆಕಿಗಿ ಹೇಳು. ತಾನ ಮಲಗ್ತಾಳ."

ಆ ಹೆಣ್ಣುಮಗಳು ಕೆಟ್ಟವಳಲ್ಲ. ಸ್ವಲ್ಪ ಯೋಚಿಸಿ, ಆಮೇಲೆ ನಕ್ಕಳು. "ಯಾವಾಗ ಹೇಳ್ಲಿ ಅಕ್ಕಾರ? ದೊಡ್ಡ ಮಗ ಫಸ್ಟ್ ಶಿಫ್ಟು, ಸಣ್ಣಾವ ನೈಟು, ಇವರು ಲಾರಿ ಮ್ಯಾಲ. ಎಲ್ಲಾರೂ ಉಂಡ್ರು ಅನ್ನೋ ಹೊತ್ತ ನಮ್ಮನಿಯಾಗ ಇಲ್ಲ ನೋಡ್ರಿ."

ದೊಡ್ಡವ್ವ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಇರ್ಲಿ ಬಿಡ್ರವಾ. ದುಡಿಯೋ ಮಕ್ಕಳು, ಯಾವಾಗ ಬರ್ತಾವೋ ಏನೋ" ಅಂದಳು.

ಮುಂದಿನ ಬೇಸಿಗೆಗೆ ಫೋನು ಬಂತು. ನಾವು ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಕೂತಲ್ಲೇ ಹೋಗಿದ್ದಳಂತೆ, ಲೈಟು ಹಾಕಿದ್ದು ಹಾಗೇ ಇತ್ತಂತೆ. ಮನೆಯಲ್ಲಿ ಆಗ ಯಾರಿದ್ದರು ಎಂದು ಅವ್ವ ಕೇಳಿದಳು. ಯಾರೂ ಇರಲಿಲ್ಲ... ಇದ್ದವರೆಲ್ಲ ಡ್ಯೂಟಿಯ ಮೇಲೆ.

ಅಡಿಗೆಮನೆಯ ಹೋಲ್ಡರು ನೋಡಲು ಎಲೆಕ್ಟ್ರಿಷಿಯನ್ ನಾಳೆ ಬರುತ್ತೇನೆ ಅಂದಿದ್ದಾನೆ. ನಡುಮನೆಯ ಲೈಟು ಹಾಕಿಕೊಂಡು, ಅಲ್ಲಿಂದ ಬಂದಷ್ಟು ಬೆಳಕಿನಲ್ಲೇ ರೊಟ್ಟಿ ಬಡಿದೆ. ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅವ್ವನೂ ನಾನೂ ಇಬ್ಬರೇ ಉಂಡೆವು. ಬಜಾರಿನ ಮನೆಯ ಮಾತು ಅವ್ವನ ಹತ್ತಿರ ತೆಗೆಯಲಿಲ್ಲ. ನಮ್ಮ ಮನೆಯವರು ಬರುವುದು ಇನ್ನೂ ತಡ, ಅವರ ಪಾಲಿನದು ಮುಚ್ಚಿಟ್ಟಿದ್ದೇನೆ. ಅವ್ವ ಮೊದಲು ಮಲಗಿದಳು. ನಡುಮನೆಯ ಲೈಟು ನಾನಿನ್ನೂ ಶಾಂತ ಮಾಡಿಲ್ಲ.