ಹಸುವಿನ ಪಾಲಿನ ಅವರೆಕಾಯಿ

ಮೊನ್ನೆ ಭಾನುವಾರ ಅಟ್ಟದ ಮೇಲಿಂದ ಹಳೆಯ ಸೂಟ್‌ಕೇಸ್ ಇಳಿಸಿದೆ. ಅಟ್ಟವೆಂದರೆ ನೀವು ಏನೇನೋ ಊಹಿಸಬೇಡಿ. ಅಹಮದಾಬಾದಿನ ವಸ್ತ್ರಾಪುರದಲ್ಲಿ ಏಳನೆಯ ಮಹಡಿಯ ಬಾಡಿಗೆ ಫ್ಲ್ಯಾಟು ನಮ್ಮದು. ಅದರ ಬಚ್ಚಲುಮನೆಯ ನೆತ್ತಿಯ ಮೇಲಿರುವ ಗೂಡಿಗೆ ನಾವು ಅಭಿಮಾನದಿಂದ ಅಟ್ಟ ಎನ್ನುತ್ತೇವೆ. ಈ ತಿಂಗಳ ಕೊನೆಗೆ ವಿಮಾ ಕಚೇರಿಯಿಂದ ನನಗೆ ನಿವೃತ್ತಿ. ಮೈಸೂರಿಗೆ ಹೊರಟುಬಿಡುವುದೆಂದು ನಾನೇ ತೀರ್ಮಾನಿಸಿ, ನಾನೇ ಅನುಮೋದಿಸಿ, ಗಂಟುಮೂಟೆ ಕಟ್ಟಲು ಶುರುಮಾಡಿದ್ದೆ. ಸೂಟ್‌ಕೇಸಿನ ಮುಚ್ಚಳ ತೆರೆದೆ ನೋಡಿ, ಗಮ್ಮೆಂದು ಅವರೆಕಾಯಿಯ ಸೊಗಡು ಮೂಗಿಗೆ ಬಡಿಯಿತು!

"ವಿಶಾಲೂ, ಬೇಗ ಬಾರೇ, ಸೊಗಡು!" ಎಂದು ಕೂಗಿದೆ.

ನನ್ನ ಹೆಂಡತಿ ವಿಶಾಲಾಕ್ಷಿ ಕೈ ಒರೆಸಿಕೊಳ್ಳುತ್ತಾ ಬಂದು, ಬಗ್ಗಿ ಮೂಸಿ, "ನುಸಿಗುಳಿಗೆ ವಾಸನೆ ರೀ ಅದು. ನಿಮ್ಮ ಮೂಗಿಗೂ ರಿಟೈರ್ಮೆಂಟು ಬಂತು" ಎಂದು ಒಳಗೆ ಹೋದಳು. ಹೋಗುವಾಗ ನಗುತ್ತಿದ್ದಳು. ಆ ನಗುವಿಗೆ ಕಾರಣವಿತ್ತು, ನನಗೆ ಆಮೇಲೆ ಗೊತ್ತಾಯಿತು. ಇರಲಿ, ನಾನಂತೂ ಬಚ್ಚಲಿನ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಹನ್ನೆರಡು ವರ್ಷ ಹಿಂದಕ್ಕೆ ಹೋಗಿಬಿಟ್ಟೆ.

ಆಗ ನನಗೆ ವಡೋದರಾಕ್ಕೆ ವರ್ಗವಾಗಿತ್ತು. ಮಂಜಲ್‌ಪುರದಲ್ಲಿ ಮನೆ. ವಿಶಾಲು ಬಂದಳು, ಪಾತ್ರೆಗಳನ್ನು ಜೋಡಿಸಿದಳು, ದೇವರನ್ನೂ ಕೂರಿಸಿದಳು. ಆದರೆ ತನ್ನ ಸೂಟ್‌ಕೇಸ್ ಮಾತ್ರ ಬಿಚ್ಚಲಿಲ್ಲ. ಅದು ಮಲಗುವ ಕೋಣೆಯ ಬಾಗಿಲ ಹಿಂದೆ ನಿಂತೇ ಇತ್ತು. ಬೇಕಾದಾಗ ಒಂದು ಸೀರೆ ತೆಗೆಯುವಳು, ಒಗೆದು ಮಡಿಸಿ ಮತ್ತೆ ಅದರಲ್ಲೇ ಇಡುವಳು. ಭಾಷೆ ಬಾರದು, ಪಕ್ಕದ ಮನೆಯವರ ದಾಲ್‌ನಲ್ಲಿ ಬೆಲ್ಲ, ಮಾತನಾಡಲು ನಾನೊಬ್ಬನೇ. ನನ್ನ ಮಾತು ಎಷ್ಟು ಸ್ವಾರಸ್ಯವೆಂದು ನೀವು ಈಗಾಗಲೇ ನೋಡುತ್ತಿದ್ದೀರಿ. ಒಂದು ದಿನ ಅವಳು ಶಾಂತವಾಗಿ ಹೇಳಿದಳು: "ನಾನು ಬೆಂಗಳೂರಲ್ಲಿ ಅಕ್ಕನ ಮನೇಲಿರ್ತೀನಿ ರೀ. ನೀವು ಈ ವರ್ಗ ಮುಗಿಸ್ಕೊಂಡು ಬನ್ನಿ."

"ಏನು ಮಾಡಿದ್ರೆ ಇರ್ತೀಯ ಹೇಳು" ಎಂದೆ.

ಅವಳು ಚಿಂತಾಮಣಿಯ ಕಡೆಯವಳು. ಆ ಕಡೆಯವರಿಗೆ ಚಳಿಗಾಲ ಬಂತೆಂದು ತಿಳಿಯುವುದು ಮೂಗಿನಿಂದ. "ಬರೋ ಸಂಕ್ರಾಂತಿಗೆ ನನ್ನ ಒಲೆ ಮೇಲೆ ಸೊಗಡಿನ ಅವರೆಕಾಯಿದು ಹಿದುಕಿದ ಬೇಳೆ ಸಾರು ಕುದೀಬೇಕು. ಕುದ್ರೆ ಇರ್ತೀನಿ. ಇಲ್ಲಾಂದ್ರೆ ಮಾರನೇ ದಿನ ರೈಲು" ಎಂದಳು. ಮಾತು ಅರ್ಧ ತಮಾಷೆ. ಬಾಗಿಲ ಹಿಂದಿನ ಸೂಟ್‌ಕೇಸ್ ಮಾತ್ರ ತಮಾಷೆಯಲ್ಲ. ಅವಳಿಲ್ಲದ ಆ ಮನೆಯನ್ನು ನೆನೆದು ನನಗೆ ನಿಜವಾಗಿಯೂ ಭಯವಾಯಿತು.

ಅವರೆಗಾಗಿ ಮಾರ್ಕೆಟ್ಟುಗಳನ್ನೆಲ್ಲ ಸುತ್ತಿದೆವು. ತಳ್ಳುಗಾಡಿಗಳಲ್ಲಿ ಪಾಪಡಿ ಎಂಬ ಕಾಯಿ ರಾಶಿ ರಾಶಿ ಇರುತ್ತಿತ್ತು; ಅವರೆಯ ಒಡಹುಟ್ಟೇ, ಆದರೆ ಎಳೆಯದು, ಸಿಪ್ಪೆಸಮೇತ ಬೇಯಿಸುವಂಥದ್ದು. ವಿಶಾಲು ಒಂದೊಂದನ್ನೂ ಎತ್ತಿ ಮೂಸುವಳು, ತಲೆಯಾಡಿಸಿ ಇಡುವಳು. ಒಬ್ಬ ಗಾಡಿಯವ ತಡೆಯಲಾರದೆ, "ಬೆನ್, ಅಕ್ಕಾವ್ರೇ, ಹೂವಿನ ಗಾಡಿ ಆ ಕಡೆ ಇದೆ" ಎಂದ. ಕೊನೆಗೆ ಬೆಳೆದೇ ತಿನ್ನಬೇಕೆಂದು ಹಠ ಹುಟ್ಟಿತು.

ನೆಲಕ್ಕೇನೂ ಕೊರತೆಯಿರಲಿಲ್ಲ. ನಮ್ಮ ಸೊಸೈಟಿಯ ಹಿಂದೆ ಕ್ಲಬ್‌ಹೌಸ್ ಕಟ್ಟಬೇಕಿದ್ದ ಜಾಗವಿತ್ತು. ಅದು ಕಟ್ಟಲಾಗದ ಯೋಗ ಪಡೆದ ಕ್ಲಬ್‌ಹೌಸು. ಹಾಗಾಗಿ ನಿವಾಸಿಗಳು ಆ ಜಾಗವನ್ನು ಹದಿನಾಲ್ಕು ಪಾತಿ ಮಾಡಿ, ಚೀಟಿ ಎತ್ತಿ ಹಂಚಿಕೊಂಡಿದ್ದರು. ಒಂಬತ್ತನೆಯದು ನಮ್ಮದು, ಎಂಟನೆಯದು ಜಶುಭಾಯಿಯದು. ಜಶುಭಾಯಿ ಮಕರಪುರಾದ ಒಂದು ಕಾರ್ಖಾನೆಯಲ್ಲಿ ಜೀವಮಾನವಿಡೀ ಲೇತ್ ಯಂತ್ರ ನಡೆಸಿ ನಿವೃತ್ತರಾದವರು. ಬದನೆ ಸಸಿಗಳ ನಡುವಿನ ಅಂತರವನ್ನು ಸ್ಟೀಲ್ ಸ್ಕೇಲಿನಿಂದ ಅಳೆದು ನೆಡುತ್ತಿದ್ದರು. ಮೂಲಂಗಿ ಡೊಂಕಾಗಿ ಬಂದರೆ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, "ರಿಜೆಕ್ಟ್" ಎನ್ನುತ್ತಿದ್ದರು. ಆ ರಿಜೆಕ್ಟುಗಳೆಲ್ಲ ನನ್ನ ಪಾಲು.

ಮೊದಲ ಬೆಳೆಯಲ್ಲಿ ನಾನು ಪಡೆದದ್ದು ಒಂದು ಟೊಮ್ಯಾಟೊ. ಬಹುವಚನದ ಅಗತ್ಯವಿಲ್ಲ. ಈ ಎರೆಮಣ್ಣೇ ಸರಿಯಿಲ್ಲ ಎಂದು ಎಲ್ಲರೆದುರು ದೂರಿದೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಆದರೂ ಆ ಸುಖವನ್ನು ಏನೆಂದು ಹೇಳಲಿ! ಡಿಸೆಂಬರಿನ ಎಳೆಬಿಸಿಲಿನಲ್ಲಿ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರುವುದು. ಆಗಷ್ಟೇ ಕಿತ್ತ ರಿಜೆಕ್ಟ್ ಮೂಲಂಗಿಯನ್ನು ನಲ್ಲಿಯಡಿ ತೊಳೆದು ಉಪ್ಪು ಸವರಿ ಕಡಿಯುವುದು. ಜಶುಭಾಯಿಯ ಹೆಂಡತಿ ಕೋಕಿಲಾಬೆನ್ ಫ್ಲಾಸ್ಕಿನಿಂದ ಶುಂಠಿ ಚಹಾ ಸುರಿದು, ನೆಂಚಿಕೊಳ್ಳಲು ಹಸಿ ಬೆಳ್ಳುಳ್ಳಿಯ ಎಸಳಿನ ಜೊತೆ ಗಾಂಠಿಯಾ ಎಂಬ ಕಡಲೆಹಿಟ್ಟಿನ ಕುರುಕಲು ಕೊಡುವುದು. "ಕೇಮ್ ಛೋ?" ಎಂದು ಕ್ಷೇಮ ಕೇಳಿದರೆ "ಮಜಾ ಮಾ", ಅಂದರೆ ಸುಖವಾಗಿದ್ದೇನೆ, ಎನ್ನುವುದು ಅಲ್ಲಿಯ ಪದ್ಧತಿ, ಬಾಯಿತುಂಬ ಮೂಲಂಗಿ ಇದ್ದಾಗ ಆ ಮಾತು ನೂರಕ್ಕೆ ನೂರು ನಿಜವಾಗಿರುತ್ತದೆ. ಕಚೇರಿಯಲ್ಲಿ ನಾನು ಗಡಿಯಾರ ನೋಡುತ್ತಿದ್ದುದು ಈ ಬಕೆಟ್ಟಿಗಾಗಿಯೇ.

ಅವರೆ ಬೀಜವನ್ನು ವಿಶಾಲುವಿನ ಅಕ್ಕ ಡಬ್ಬಿಯಲ್ಲಿ ಬೂದಿ ಬೆರೆಸಿ ಕಳಿಸಿದ್ದರು. ಜೂನ್ ಮಳೆಗೆ ಬಿತ್ತಿದೆ. ಬಳ್ಳಿ ಚಪ್ಪರಕ್ಕೆ ಹಬ್ಬಿತು, ಹೂ ಬಿಟ್ಟಿತು, ಕಾಯಿ ಕಚ್ಚಿತು. ಪರವೂರಿನ ಮಣ್ಣು ಅದಕ್ಕೆ ಹಿಡಿಸಿಬಿಟ್ಟಿತ್ತು. ವಿಶಾಲು ಮಾತ್ರ ಪಾತಿಯ ಕಡೆ ಬರುವುದನ್ನೇ ಬಿಟ್ಟಳು. "ನನಗೇ ಇಷ್ಟು ಆಸೆ ಇರೋವಾಗ ನನ್ನ ಕಣ್ಣೇ ತಾಕುತ್ತೆ" ಎಂಬುದು ಅವಳ ವಾದ. ಜನವರಿ ಬಂದಾಗ ಕಾಯಿ ಉಬ್ಬಿ, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುವಷ್ಟು ಸೊಗಡು ತುಂಬಿತ್ತು. ನಾನು ದಿನಾ ಕಾಯಿ ಮುಟ್ಟಿ, ಬೆರಳು ಮೂಸುತ್ತಾ ಮನೆಗೆ ಬರುತ್ತಿದ್ದೆ.

ಇತ್ತ ಜಶುಭಾಯಿಗೆ ಸಂಕಟ. ಅವರ ಶಾಸ್ತ್ರದಲ್ಲಿ ಕಾಯಿ ಎಳೆಯದಿದ್ದಾಗ ಕೀಳಬೇಕು. "ಭಾಯಿ, ಪಾಪಡಿ ಘರಡಿ ಥಯಿ ಗಯಿ! ಮುದುಕಿಯಾಗಿಬಿಟ್ಟಳು, ಕೀಳಿ" ಎಂದು ದಿನಾ ಎಚ್ಚರಿಸುವರು. "ಇನ್ನು ನಾಲ್ಕು ದಿನ, ಜಶುಭಾಯಿ" ಎಂದು ನಾನು ಜಾರಿಕೊಳ್ಳುವೆ. ನಮಗೆ ಬೇಕಾದದ್ದು ಮುದುಕಿಯೇ ಎಂದು ಬಿಡಿಸಿ ಹೇಳಬಹುದಿತ್ತು. ಹೇಳಿದರೆ ಹೆಂಡತಿಯ ಷರತ್ತನ್ನೂ ಹೇಳಬೇಕಾಗುತ್ತದಲ್ಲ ಎಂದು ಮರ್ಯಾದೆಗೆ ಅಂಜಿದೆ. ಆ ತೋಟದಲ್ಲಿ ಇನ್ನೊಂದು ನಿಯಮವಿತ್ತು: ಹೊತ್ತಿಗೆ ಸರಿಯಾಗಿ ಕೀಳದೆ ಬಲಿತದ್ದು ಗೇಟಿನ ಬಳಿಯ ತೊಟ್ಟಿಗೆ, ಅಂದರೆ ಹಸುವಿಗೆ. ಹಸುವಿನ ಪಾಲೆಂದರೆ ಹಸುವಿನ ಪಾಲು, ಅದರಲ್ಲಿ ಚೌಕಾಶಿಯಿಲ್ಲ.

ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಕಚೇರಿಯವರು ತರಬೇತಿಗೆಂದು ನನ್ನನ್ನು ಸೂರತ್ತಿಗೆ ಅಟ್ಟಿದರು. ವರಾಛಾದ ಒಂದು ಲಾಡ್ಜಿನಲ್ಲಿ ವಾಸ. ಎದುರು ಕಟ್ಟಡದಲ್ಲಿ ಜನ ವಜ್ರಕ್ಕೆ ಸಾಣೆ ಹಿಡಿಯುತ್ತಿದ್ದರು. ಇತ್ತ ಕಿಟಕಿಯಲ್ಲಿ ನಾನು ಒಂದು ಬಳ್ಳಿಗೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು ಎಂದು ಬೆರಳು ಮಡಿಸುತ್ತಿದ್ದೆ. ಅವರ ಕೆಲಸಕ್ಕಿಂತ ನನ್ನದೇ ದೊಡ್ಡದೆಂದು ನನಗೆ ಪ್ರಾಮಾಣಿಕವಾಗಿ ಅನ್ನಿಸಿತ್ತು.

ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಬೆಳಿಗ್ಗೆ ವಡೋದರಾಕ್ಕೆ ಮರಳಿದೆ. ಮಹಡಿ ಮಹಡಿಯ ಮೇಲೂ ಗಾಳಿಪಟದ ಗಲಾಟೆ. ಎಳ್ಳುಬೆಲ್ಲ ಬೀರಲು ಸಿದ್ಧಮಾಡುತ್ತಿದ್ದ ವಿಶಾಲುವನ್ನು ಎಬ್ಬಿಸಿ, ಮಂಕರಿ ಹಿಡಿಸಿ, ಮದುವಣಗಿತ್ತಿಯ ಹಾಗೆ ಕರೆದುಕೊಂಡು ಹೋದೆ. ಪಾತಿಯ ಮುಂದೆ ಇಬ್ಬರೂ ನಿಂತೆವು. ಚಪ್ಪರದಲ್ಲಿ ಎಲೆಯಿತ್ತು. ಕಾಯಿ ಒಂದೂ ಇರಲಿಲ್ಲ.

ಜಶುಭಾಯಿ ಎಂಟನೆಯ ಪಾತಿಯಿಂದ ಕೈ ಬೀಸಿದರು, ಮುಖದಲ್ಲಿ ಉಪಕಾರ ಮಾಡಿದವರ ತೃಪ್ತಿ. "ಚಿಂತೆ ಬಿಡಿ ಭಾಯಿ! ನೀವು ಊರಲ್ಲಿಲ್ಲ, ಎಲ್ಲರೂ ಆಡಿಕೊಳ್ಳೋಕೆ ಶುರುಮಾಡಿದ್ರು. ಇವತ್ತು ಬೆಳಿಗ್ಗೆ ನಾನೇ ಎಲ್ಲ ಕಿತ್ತು ಹಸುವಿನ ತೊಟ್ಟಿಗೆ ಹಾಕಿ ನಿಮ್ಮ ಮಾನ ಉಳಿಸಿದೆ. ಪುಣ್ಯವೂ ನಿಮಗೇ!"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಿಶಾಲು ಅಳಲಿಲ್ಲ, ಕೂಗಾಡಲಿಲ್ಲ. "ಸರಿ ಬಿಡಿ" ಎಂದಳು. ಮೂವತ್ತೈದು ವರ್ಷ ಸಂಸಾರ ಮಾಡಿದ ಮೇಲೆ ಈಗ ಹೇಳುತ್ತೇನೆ, ಆ ಎರಡು ಪದಗಳಿಗಿಂತ ಭಯಂಕರವಾದದ್ದು ಕನ್ನಡದಲ್ಲಿಲ್ಲ.

ನಾನು ಗೇಟಿನ ಕಡೆ ಓಡಿದೆ. ನಲವತ್ತೆಂಟರ ವಯಸ್ಸು, ಸೂರತ್ತಿನ ಇಸ್ತ್ರಿ ಪ್ಯಾಂಟು, ಕೈಯಲ್ಲಿ ಮಂಕರಿ. ನೋಡುತ್ತೇನೆ, ಹಸು ರಸ್ತೆಯಲ್ಲಿ ಕಾಲು ಚಾಚಿ ಮಲಗಿದೆ! ಉತ್ತರಾಯಣದಂದು ಹಸುವಿಗೆ ತಿನ್ನಿಸಿದರೆ ಪುಣ್ಯ. ಆದ್ದರಿಂದ ಬೆಳಗಿನಿಂದ ಮಂಜಲ್‌ಪುರದವರೆಲ್ಲ ಹುಲ್ಲು, ಸೊಪ್ಪು, ಬೇಯಿಸಿದ ಗೋಧಿ-ಬೆಲ್ಲ ಎಂದು ತುರುಕಿ ತುರುಕಿ, ಪಾಪ, ಅದಕ್ಕೆ ಉಸಿರಾಡುವುದೇ ಕಷ್ಟವಾಗಿತ್ತು. ನಮ್ಮ ತೊಟ್ಟಿಯತ್ತ ಅದು ಕಣ್ಣೆತ್ತಿಯೂ ನೋಡಿರಲಿಲ್ಲ. ಹಿಂದೆಯೇ ಬಂದ ವಿಶಾಲು ತೊಟ್ಟಿಗೆ ಮೊಣಕೈವರೆಗೆ ಕೈ ಇಳಿಸಿ, ಬೊಗಸೆ ತುಂಬ ಕಾಯಿ ಎತ್ತಿ ಮುಖವನ್ನೇ ಅದರಲ್ಲಿ ಹುದುಗಿಸಿದಳು. "ರೀ! ಅದೇ ರೀ! ನಮ್ಮೂರಿಂದೇ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನದರಲ್ಲೂ ಇತ್ತು.

"ರಾಮ ರಾಮ! ಗೋಮಾತೆಗೆ ಕೊಟ್ಟದ್ದನ್ನ ವಾಪಸ್ ತಗೊಳ್ತೀರಾ? ಅದೂ ಇವತ್ತು?" ಜಶುಭಾಯಿ ಅಡ್ಡ ನಿಂತರು. ಹದಿನಾಲ್ಕೂ ಪಾತಿಯವರು ಸೇರಿದರು. ಆಗ ನಾನು ಮಾನ ಬಿಟ್ಟೆ. ಷರತ್ತು, ಸಾರು, ಬಾಗಿಲ ಹಿಂದಿನ ಸೂಟ್‌ಕೇಸ್, ಎಲ್ಲವನ್ನೂ ನನ್ನ ಹರಕು ಹಿಂದಿಯಲ್ಲಿ ಒಪ್ಪಿಸಿದೆ. ಜಶುಭಾಯಿಯ ಮುಖ ಇಳಿದುಹೋಯಿತು. ತೀರ್ಪು ಕೊಟ್ಟವರು ಕೋಕಿಲಾಬೆನ್. ಅವರು ವಿಶಾಲುವಿನ ಹೆಗಲ ಮೇಲೆ ಕೈಯಿಟ್ಟು ಗಂಡನನ್ನು ಗದರಿದರು: "ಹಸು ಸಿಪ್ಪೆ ತಿನ್ನುತ್ತೋ ಇಲ್ಲವೋ? ಸಿಪ್ಪೆ ಹಸುವಿಗೆ, ಕಾಳು ವಿಶಾಲಾಬೆನ್‌ಗೆ. ಪಾಪ ಬಂದ್ರೆ ನನಗೆ ಬರಲಿ. ಬಿಡಿಸೋಕೆ ಕೂತ್ಕೊಳ್ಳಿ ಎಲ್ಲರೂ!"

ಬಿಡಿಸಿದ್ದಾಯಿತು, ನೆನೆಹಾಕಿದ್ದಾಯಿತು. ಆದರೆ ಕಾಳು ನೆನೆದು ಹಿದುಕಲು ಬರುವಷ್ಟರಲ್ಲಿ ಹಬ್ಬ ಮುಗಿಯುತ್ತದಲ್ಲ? ಅದಕ್ಕೂ ಈ ಜನ ಉಪಾಯ ಮಾಡಿಟ್ಟಿದ್ದಾರೆ. ಉತ್ತರಾಯಣದ ಮಾರನೆಯ ದಿನವೂ ಅವರಿಗೆ ಹಬ್ಬವೇ, ಹೆಸರು ವಾಸಿ ಉತ್ತರಾಯಣ, ಅಂದರೆ ತಂಗಳು ಹಬ್ಬ. "ತಂಗಳಾದರೂ ಹಬ್ಬ ಹಬ್ಬವೇ, ಒಪ್ಕೊಂಡೆ" ಎಂದಳು ವಿಶಾಲು.

ಮರುದಿನ ಮಹಡಿಯ ಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಹಿದುಕಿದರೆ ಬೇಳೆ ಪುಳಕ್ಕೆಂದು ಹೊರಬರಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಹೊಸಬರ ಕೈಯಲ್ಲಿ ಅದು ಬಂದೂಕಾಗುತ್ತದೆ. ಜಶುಭಾಯಿಯ ಮೊದಲ ಬೇಳೆ ನನ್ನ ಕನ್ನಡಕಕ್ಕೆ, ಎರಡನೆಯದು ಕೋಕಿಲಾಬೆನ್ ಕಿವಿಗೆ, ಮೂರನೆಯದು ಪಕ್ಕದ ಮಹಡಿಗೆ. ಗಾಳಿಪಟ ಕಡಿದಾಗ ಕೂಗುವ "ಲಪೇಟ್! ಲಪೇಟ್!" ಈಗ ಪ್ರತಿ ಬೇಳೆಗೂ ಎದ್ದಿತು. ಲೇತ್ ನಡೆಸಿದ ಕೈ, ಸುಮ್ಮನಿದ್ದೀತೇ? "ಆ್ಯಂಗಲ್ ತಪ್ಪು" ಎಂದು ಹೆಬ್ಬೆರಳನ್ನು ಅತ್ತಿತ್ತ ತಿರುಗಿಸಿ ಲೆಕ್ಕ ಹಾಕಿ, ಅರ್ಧ ಗಂಟೆಯಲ್ಲಿ ವಿಶಾಲುವನ್ನೇ ಮೀರಿಸಿದರು. ಡೊಂಕು ಬೇಳೆ ಬಂದರೆ "ರಿಜೆಕ್ಟ್" ಎಂದು ಬಾಯಿಗೆ ಹಾಕಿಕೊಂಡರು. ವಿಶಾಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಊರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ನಾನು ಹಿದುಕುವುದು ಬಿಟ್ಟು ಅವಳನ್ನೇ ನೋಡುತ್ತಾ ಕುಳಿತೆ.

ಸಾರು ಕುದಿಯಿತು. ಕೋಕಿಲಾಬೆನ್ ರುಚಿ ನೋಡಿ, ಸಂಕೋಚದಿಂದ, "ಚೂರು ಬೆಲ್ಲ ಹಾಕಲಾ?" ಎಂದರು. ವಿಶಾಲು ಬೆಲ್ಲದ ಡಬ್ಬಿಯನ್ನೇ ಅವರ ಕಡೆ ಸರಿಸಿದಳು. ಮರುದಿನ ಕಚೇರಿಯಿಂದ ಬಂದಾಗ ಸೀರೆಗಳೆಲ್ಲ ಬೀರುವಿನಲ್ಲಿದ್ದವು. ಖಾಲಿ ಸೂಟ್‌ಕೇಸಿನಲ್ಲಿ ಬೀಜಕ್ಕೆಂದು ಒಣಗಲು ಎತ್ತಿಟ್ಟ ಕಾಯಿಗಳಿದ್ದವು.

ಆಮೇಲೆ ಅಹಮದಾಬಾದಿಗೆ ವರ್ಗವಾದಾಗ ಅದೂ ನಮ್ಮ ಜೊತೆ ಬಂತು. ಈಗ ಹೇಳಿ, ಆ ಸೂಟ್‌ಕೇಸಿನಲ್ಲಿ ಸೊಗಡಿಲ್ಲದೆ ಇನ್ನೇನು ಇರಬೇಕು? ನುಸಿಗುಳಿಗೆಯಂತೆ! ಎದ್ದು ಒಳಗೆ ಹೋದೆ. ವಿಶಾಲು ಊಟದ ಮೇಜಿನ ಮೇಲೆ ಒಂದು ಪೊಟ್ಟಣ ಬಿಚ್ಚುತ್ತಿದ್ದಳು. ವಡೋದರಾದಿಂದ ಕೊರಿಯರ್ ಬಂದಿತ್ತು. ಡಬ್ಬಿ, ಅದರಲ್ಲಿ ಬೂದಿ, ಬೂದಿಯಲ್ಲಿ ಅವರೆ ಬೀಜ. ಜೊತೆಗೆ ಜಶುಭಾಯಿಯ ನಡುಗುವ ಅಕ್ಷರದ ಚೀಟಿ: ಬೀಜದಿಂದ ಬೀಜಕ್ಕೆ ಮೂವತ್ತು ಸೆಂಟಿಮೀಟರ್, ಕಡಿಮೆ ಮಾಡಬೇಡಿ. ಹದಿನಾಲ್ಕು ಪಾತಿಯಲ್ಲೂ ಈಗ ಚಿಂತಾಮಣಿಯ ಅವರೆಯಂತೆ.

"ಏನೇ ಇದು? ಮುಂದಿನ ತಿಂಗಳು ನಾವು ಮೈಸೂರಿಗೆ ಹೊರಡಬೇಕಲ್ಲ!" ಎಂದೆ.

"ಕೋಕಿಲಾಬೆನ್‌ಗೆ ನಾನೇ ಫೋನ್ ಮಾಡಿ ತರಿಸ್ಕೊಂಡೆ. ಅಲ್ರೀ, ಸೂಟ್‌ಕೇಸ್ ಇಳಿಸೋ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ?" ಎಂದಳು. ಕೇಳಿರಲಿಲ್ಲ. ಹನ್ನೆರಡು ವರ್ಷದ ಹಿಂದೆ, ವರ್ಗವಾದಾಗಲೂ ಕೇಳಿರಲಿಲ್ಲ ಎಂದು ಆಗ ಹೊಳೆಯಿತು. ತಲೆ ತಗ್ಗಿಸಿ, "ಈಗ ಕೇಳ್ತಿದೀನಿ. ಇರೋಣವಾ?" ಎಂದೆ.

"ಈ ಸಂಕ್ರಾಂತಿಗೆ ನೀವು ಬೆಳೆದ ಕಾಯಿದು ಸಾರು ಕುದೀಲಿ. ಆಮೇಲೆ ಹೇಳ್ತೀನಿ."

ಏಳನೆಯ ಮಹಡಿ, ಇರುವ ನೆಲವೆಂದರೆ ಮೂರು ಹೆಜ್ಜೆಯ ಬಾಲ್ಕನಿ. ಪಕ್ಕದ ಮನೆಯವರಿಂದ ಡ್ರಿಲ್ ಯಂತ್ರ ಇಸಿದುಕೊಂಡು ಬಂದೆ. ಸೂಟ್‌ಕೇಸನ್ನು ಬೋರಲು ಹಾಕಿ, ಸ್ಕೇಲು ಹಿಡಿದು ಗುರುತು ಮಾಡಿ, ನೀರು ಇಳಿಯಲೆಂದು ತಳದಲ್ಲಿ ಹನ್ನೆರಡು ತೂತು ಕೊರೆದೆ. ಎರಡು ಮೂಟೆ ಮಣ್ಣನ್ನು ಲಿಫ್ಟಿನಲ್ಲಿ ಹೊತ್ತು ತಂದು ಅದರೊಳಗೆ ಸುರಿದೆ. ಇನ್ನು ಅದನ್ನು ಎತ್ತಿಕೊಂಡು ಎಲ್ಲಿಗೂ ಹೋಗುವಂತಿಲ್ಲ.