ಅರ್ಧ ಇಂಚು ಹೆಚ್ಚಾದ ಅಡುಗೆಯವಳು

ಬಾಗಿಲಲ್ಲೇ ನಿಲ್ಲಬೇಡ, ಒಳಗೆ ಬಾ. ನಿನ್ನ ಚಿಕ್ಕಜ್ಜನ ಚಿತ್ರದ ಕತೆ ಅರ್ಧಕ್ಕೇ ನಿಂತಿತ್ತಲ್ಲ. ನಲವತ್ತು ವರ್ಷ ದರ್ಜಿಯಾಗಿದ್ದವನು ಅಂಗಡಿಯನ್ನು ಮಗಳಿಗೆ ಬಿಟ್ಟು ಎಣ್ಣೆಬಣ್ಣ ಕಲಿಯಲು ಹೊರಟ. ಆ ಮಗಳ ಕೈಯೂ ಬಲು ಚುರುಕು, ನೀನು ತೊಟ್ಟಿರುವ ಅಂಗಿ ಅವಳದೇ ಹೊಲಿಗೆ. ಇರಲಿ, ಅದು ಬೇರೆ ಮಾತು.

ತರಗತಿಯಲ್ಲಿ ಹಣ್ಣು ಹೂಜಿ ಬರೆಯುವವರದೊಂದು ಗುಂಪು, ಮನುಷ್ಯರನ್ನು ಬರೆಯುವವರದೊಂದು. ಚಿಕ್ಕಜ್ಜ ಹಠ ಹಿಡಿದು ನೇರವಾಗಿ ಎರಡನೆಯದಕ್ಕೇ ಸೇರಿದ. ನಕಲು ಮಾಡಲು ಆರಿಸಿಕೊಂಡದ್ದು ಒಂದು ಹಳೆಯ ಚಿತ್ರ: ಮೇಜಿನ ಮೇಲೆ ಮೀನು, ನಿಂಬೆ, ತಾಮ್ರದ ಹೂಜಿ, ಅದರ ಹಿಂದೆ ಒಬ್ಬ ಅಡುಗೆಯವಳು, ಅವಳ ಮುದಿ ತಾಯಿ. ಸೋಮವಾರದೊಳಗೆ ಆ ಇಬ್ಬರು ಹೆಂಗಸರೂ ಸರಿಯಾಗಿ ಮೂಡದಿದ್ದರೆ ಹಣ್ಣಿನ ಗುಂಪಿಗೇ ವಾಪಸ್ಸು ಎಂದು ಕಲಿಸುವ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಇವನಿಗೆ ಅನ್ನ ರುಚಿಸಲಿಲ್ಲ.

ಉಳಿದವರು ಅಳತೆಗೆಂದು ಚೌಕ ಎಳೆದು ಬರೆದರೆ ಇವನು ಟೇಪು ಹಿಡಿದು ಚಿತ್ರದಲ್ಲಿದ್ದವರ ಅಳತೆ ತೆಗೆದ. ಒಬ್ಬೊಬ್ಬರಿಗೂ ಕಾಗದ ಕತ್ತರಿಸಿ, ಕ್ಯಾನ್ವಾಸಿನ ಮೇಲಿಟ್ಟು, ಸುತ್ತ ಗೆರೆ ಎಳೆದು ಬಣ್ಣ ತುಂಬಿದ. ನೋಡಿದರೆ ಅಡುಗೆಯವಳು ಹುದುಗು ಬಂದ ಹಿಟ್ಟಿನಂತೆ ಉಬ್ಬಿದ್ದಾಳೆ! ತಾಯಿಯ ಅರ್ಧ ಮುಖ ಅವಳ ತೋಳಿನ ಹಿಂದೆ. ಹೂಜಿಗಂತೂ ಜಾಗವೇ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಬಟ್ಟೆಗೆ ಬಿಡುವಂತೆ ಕಾಗದಕ್ಕೂ ಹೊಲಿಗೆಗೆಂದು ಸುತ್ತಲೂ ಅರ್ಧ ಇಂಚು ಹೆಚ್ಚು ಬಿಟ್ಟೇ ಕತ್ತರಿಸಿದ್ದ.

ಕತ್ತರಿಸಿದ ಬಟ್ಟೆ ಮತ್ತೆ ಕೂಡುತ್ತದೆಯೇ? ಮುಖ ಸಣ್ಣ ಮಾಡಿಕೊಂಡು ಕುಂಚ ತೊಳೆಯಲು ಎದ್ದವನನ್ನು ಮೇಡಂ ತಡೆದರು.

“ಮಾಸ್ಟ್ರೇ, ಬಣ್ಣ ಇನ್ನೂ ಹಸಿ ಇದೆ. ಅಂಗಿ ದೊಗಳೆ ಆದ್ರೆ ಏನ್ ಮಾಡ್ತಿದ್ರಿ?”

“ಒಳಗೆ ಹಿಡಿದು ಹೊಲೀತಿದ್ದೆ.”

“ಮತ್ತೆ?”

ಅಷ್ಟು ಸಾಕಾಯಿತು. ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಅಂಚು ಒರೆಸುತ್ತ ಚಿತ್ರದ ಅಡುಗೆಯವಳ ಸೊಂಟ ಒಳಗೆ ಹಿಡಿದ, ತೋಳು ಹಿಡಿದ. ಹೂಜಿ ಬಂದು ಸುಖವಾಗಿ ಕೂತಿತು. ಊಟದ ಡಬ್ಬಿ ತಂದ ಚಿಕ್ಕಜ್ಜಿ ಹಿಂದೆ ನಿಂತು ಎಲ್ಲ ನೋಡಿದಳು.

“ನನ್ನ ಸೊಂಟಾನೂ ಸ್ವಲ್ಪ ಒರೆಸ್ತೀರಾ?”

ಮೇಡಂ ನಕ್ಕು ಕುರ್ಚಿಯ ಮೇಲೆ ಕೂತೇಬಿಟ್ಟರು. ಹಣ್ಣಿನ ಗುಂಪಿನ ಮಾತು ಅಲ್ಲಿಗೆ ಮುಗಿಯಿತು, ತಾಯಿಯನ್ನೂ ಹೀಗೇ ಸರಿಮಾಡಿ ಎಂದರು.

ಈಗ ಅವನ ಮನೆಯಲ್ಲಿ ಒರೆಸುವ ಬಟ್ಟೆಗೇ ಬರ. ಬಾಗಿಲ ಹಿಂದೆ ಹಳೆಯ ದಿಂಬಿನ ಕವರುಗಳಿವೆ, ಕೊಟ್ಟು ಬಾ ಮಗಾ. ನೀನೇ ಹರಿದು ಚೂರು ಮಾಡಿ ಕೊಡು. ಇಡಿಯಾಗಿ ಕೊಟ್ಟರೆ ಕತ್ತರಿಸಿ, ಅಂಚು ಮಡಿಸಿ ಹೊಲಿಯಲು ಕೂರುತ್ತಾನೆ.